ತಾಟಿನ ಅಂಚಿನ ಉಪ್ಪು

ತಮ್ಮಾ,

ನಿನಗೆ ಬಿ.ಪಿ. ಬಂದಿದೆ ಎಂಬ ಸುದ್ದಿ ನನಗೆ ಮುಟ್ಟಿಸಿದ್ದು ನೀನಲ್ಲ, ನಿನ್ನ ಹೆಂಡತಿ. ಮೇಲಿನದು 158, ಕೆಳಗಿನದು 98 ಅಂತೆ. ಎರಡು ವಾರ ಬಿಟ್ಟು ಮತ್ತೆ ನೋಡಿಸಿದರೂ ಹೆಚ್ಚುಕಡಿಮೆ ಅಷ್ಟೇ ಇತ್ತಂತೆ. ಡಾಕ್ಟರು ಗುಳಿಗೆ ಬರೆದುಕೊಟ್ಟು, "ಉಪ್ಪು ಕಡಿಮಿ ಮಾಡ್ರಿ" ಎಂದು ಒಂದು ಮಾತು ಹೇಳಿ ಮುಂದಿನವರನ್ನು ಕರೆದರಂತೆ. ಹೊರಗೆ ಬಾಕಿನ ಮೇಲೆ ಅಷ್ಟು ಮಂದಿ ಕಾಯುತ್ತಿರುವಾಗ ಅವರಾದರೂ ಇನ್ನೇನು ಹೇಳಿಯಾರು? ಆದರೆ ಆ ಒಂದು ಮಾತನ್ನು ಅಡಿಗೆಮನೆಗೆ ತಂದು ಬಿಡಿಸಿ ಹೇಳುವವರು ಯಾರಾದರೂ ಬೇಕಲ್ಲ. ನಿನ್ನ ಹೆಂಡತಿ ಅಂದಿನಿಂದ ಪಲ್ಯಕ್ಕೆ ಉಪ್ಪು ಅರ್ಧಕ್ಕಿಳಿಸಿದ್ದಾಳೆ. ನೀನು ಸಪ್ಪೆ ಆಯಿತೆಂದು ಮೇಲೊಂದು ಚಮಚ ಹಿಂಡಿ, ಇನ್ನೊಂದು ಹೋಳು ಉಪ್ಪಿನಕಾಯಿ ಹಾಕಿಕೊಳ್ಳುತ್ತಿದ್ದೀಯ. ಹೀಗಾದರೆ ನಿನ್ನ ಹೊಟ್ಟೆಗೆ ಹೋಗುವ ಉಪ್ಪು ಇಳಿಯುವ ಬದಲು ಏರುತ್ತದೆ. ಅದಕ್ಕೇ ಈ ಕಾಗದ. ಅಣ್ಣನ ಮಗ ನೀನು, ನಿನ್ನ ತಾಟಿನಲ್ಲಿ ಏನಿದೆ ಎಂದು ಇಣುಕಿ ನೋಡುವ ಹಕ್ಕು ಅತ್ತಿಯಾದ ನನಗೆ ಇದ್ದೇ ಇದೆ.

"ನನಗೇನೂ ಆಗಿಲ್ಲ ಅತ್ತಿ, ತಲಿ ಸುದ್ದಾ ನೋಯೂದಿಲ್ಲ" ಎಂದು ಫೋನಿನಲ್ಲಿ ನಕ್ಕೆಯಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಈ ಬೇನೆಯ ಕೆಟ್ಟ ಗುಣವೇ ಅದು. ನೋಯುವುದಿಲ್ಲ, ಜ್ವರ ಬರುವುದಿಲ್ಲ, ಕೆಲಸ ಬಿಡಿಸುವುದಿಲ್ಲ. ವರ್ಷಗಟ್ಟಲೆ ಒಳಗೊಳಗೇ ಇದ್ದು ಒಂದು ದಿನ ಲಕ್ವಾ ಹೊಡೆಸುತ್ತದೆ, ಇಲ್ಲವೇ ಎದೆ ಹಿಡಿಯುತ್ತದೆ, ಇಲ್ಲವೇ ಕಿಡ್ನಿ ಕೆಡಿಸಿ ಕೂಡ್ರಿಸುತ್ತದೆ. 140ರ ಮೇಲೆ 90 ದಾಟಿತೆಂದರೆ ಡಾಕ್ಟರರು ಅದನ್ನು ಬೇನೆ ಎಂದೇ ಹಿಡಿಯುತ್ತಾರೆ. ನೀನೊಬ್ಬನೇ ಏನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಎಲ್ಲ ರಾಜ್ಯಗಳಲ್ಲಿ ಮಾಡಿಸಿ 2023ರಲ್ಲಿ ಹೊರತಂದ ದೊಡ್ಡ ಅಧ್ಯಯನದಲ್ಲಿ ವಯಸ್ಕರ ಪೈಕಿ ನೂರಕ್ಕೆ ಮೂವತ್ತೈದಕ್ಕೂ ಹೆಚ್ಚು ಮಂದಿಗೆ ಬಿ.ಪಿ. ಕಂಡಿತ್ತು. ಅಂದರೆ ನಮ್ಮ ಓಣಿಯಲ್ಲಿ ಮೂರು ಮಂದಿ ಕಟ್ಟೆಗೆ ಕೂತರೆ ಅವರಲ್ಲಿ ಒಬ್ಬರಿಗೆ ಇದ್ದೇ ಇದೆ, ಅವರಿಗೆ ಅದು ಗೊತ್ತಿಲ್ಲದಿರಬಹುದು.

ಉಪ್ಪಿಗೂ ಇದಕ್ಕೂ ಏನು ನಂಟು ಎಂದು ನಿನಗೆ ಹೊಲದ ಮಾತಿನಲ್ಲೇ ಹೇಳುತ್ತೇನೆ. ದೂಧಗಂಗೆಯ ದಂಡೆಯಿಂದ ಕಬ್ಬಿಗೆ ನೀರು ತರುವ ಪೈಪಿಗೆ ಅದು ತಡೆಯುವುದಕ್ಕಿಂತ ಜೋರಿನ ಮೋಟರು ಕೂಡ್ರಿಸಿದರೆ ಅವತ್ತೇ ಒಡೆಯುವುದಿಲ್ಲ. ಮೊದಲು ಜೋಡಣೆಗಳು ಸಡಿಲಾಗುತ್ತವೆ, ಮೋಟರು ಕಾಯುತ್ತದೆ, ಎಲ್ಲೋ ಒಂದು ಕಡೆ ಸಣ್ಣಗೆ ಜಿನುಗುತ್ತದೆ. ಮೈಯಲ್ಲೂ ಹಾಗೆಯೇ. ಉಪ್ಪು ಹೆಚ್ಚು ತಿಂದಷ್ಟೂ ಮೈ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ನಾಳದಲ್ಲಿ ಹರಿಯುವ ರಕ್ತದ ಪ್ರಮಾಣ ಏರುತ್ತದೆ, ಹೃದಯ ಬಲ ಹಾಕಿ ದೂಡಬೇಕಾಗುತ್ತದೆ. ಹೆಚ್ಚಿನ ಉಪ್ಪನ್ನು ಹೊರಗೆ ಹಾಕುವ ಕೆಲಸ ಕಿಡ್ನಿಯದು. ವರ್ಷಾನುಗಟ್ಟಲೆ ಆ ದುಡಿತ ಹೇರಿದರೆ ಅದೂ ಸೋಲುತ್ತದೆ, ನಾಳಗಳೂ ಬಿರುಸಾಗುತ್ತವೆ.

ಈಗ ನಿನ್ನ ತಾಟು ನೋಡೋಣ. ನಮ್ಮ ಕಡೆಯ ಊಟದಲ್ಲಿ ಒಂದು ದೊಡ್ಡ ಅನುಕೂಲ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜೋಳದ ರೊಟ್ಟಿಗೆ ಉಪ್ಪು ಬೀಳುವುದಿಲ್ಲ. ನಿನ್ನ ಅವ್ವ ಕೊಣಮಿಗೆಯಲ್ಲಿ ಹಿಟ್ಟು ಹಾಕಿ, ಕುದಿಯುವ ನೀರು ಹೊಯ್ದು, ನಾದಿ, ಬಡಿದು, ಹಂಚಿಗೆ ಹಾಕಿ, ಮೇಲೆ ಅರಿವೆಯಿಂದ ನೀರು ಸವರಿ ತಿರುವುತ್ತಾಳಲ್ಲ, ಆ ಕೆಲಸದಲ್ಲಿ ಉಪ್ಪಿನ ಡಬ್ಬಿಗೆ ಕೈ ಹೋಗುವುದೇ ಇಲ್ಲ. ಬಿಳಿ ಅನ್ನಕ್ಕೂ ನಮ್ಮಲ್ಲಿ ಉಪ್ಪು ಹಾಕುವ ರೂಢಿ ಇಲ್ಲ. ಹೊಟ್ಟೆ ತುಂಬಿಸುವ ಎರಡೂ ಪದಾರ್ಥ ಸಪ್ಪೆಯಾಗಿಯೇ ತಾಟಿಗೆ ಬರುತ್ತವೆ. ಪಾವು, ಬ್ರೆಡ್ಡು, ಖಾರಿ ತಿಂದು ಹೊಟ್ಟೆ ತುಂಬಿಸಿಕೊಳ್ಳುವವರಿಗೆ ಈ ಭಾಗ್ಯ ಇಲ್ಲ, ಅವರ ಹಿಟ್ಟಿನೊಳಗೇ ಉಪ್ಪು ಕೂತಿರುತ್ತದೆ.

ಹಾಗಾದರೆ ನಮಗೆ ಉಪ್ಪು ಬರುವುದು ಎಲ್ಲಿಂದ? ಸಪ್ಪೆ ರೊಟ್ಟಿ ಇಳಿಯಲೆಂದು ಸುತ್ತ ಇಟ್ಟುಕೊಳ್ಳುವುದರಿಂದ. ಹೋದ ಸಲ ಬಂದಾಗ ನಿನ್ನ ಊಟ ನೋಡುತ್ತ ಕೂತಿದ್ದೆ. ನಡುವೆ ಮಡಕಿಕಾಳಿನ ಉಸುಳಿ. ಬಲಕ್ಕೆ ಶೇಂಗಾ ಹಿಂಡಿ, ಅದರ ಪಕ್ಕ ಕೆಂಪು ಖಾರ, ಅದರಾಚೆ ಮಾವಿನ ಉಪ್ಪಿನಕಾಯಿ, ಮೇಲೊಂದು ಸುಟ್ಟ ಹಪ್ಪಳ, ತಾಟಿನ ಅಂಚಿಗೆ ಎರಡು ಬೆರಳಿನಲ್ಲಿ ಹಿಡಿದಷ್ಟು ಬಿಡಿ ಉಪ್ಪು. ಹಸಿ ಉಳ್ಳಾಗಡ್ಡಿ ಕಚ್ಚುವ ಮೊದಲು ಆ ಉಪ್ಪಿಗೆ ಅದ್ದುತ್ತೀಯ, ಸವತಿಕಾಯಿಗೂ ಅದೇ, ಕೊನೆಗೆ ಮಜ್ಜಿಗೆಗೆ ಉಳಿದದ್ದನ್ನು ಬಳಿದು ಹಾಕುತ್ತೀಯ. ಉಸುಳಿಯಲ್ಲಿದ್ದ ಉಪ್ಪು ಇವೆಲ್ಲದರ ಮುಂದೆ ಏನೂ ಅಲ್ಲ. ನಿನ್ನ ಹೆಂಡತಿ ಪಾಪ ಆ ಉಸುಳಿಯಲ್ಲೇ ಉಳಿಸಲು ಹೋಗಿದ್ದಾಳೆ.

ಆದ್ದರಿಂದ ಮೊದಲು ಹೋಗಬೇಕಾದದ್ದು ಅಂಚಿನ ಬಿಡಿ ಉಪ್ಪು. ಅದನ್ನು ನಾಳೆಯಿಂದಲೇ ಬಿಡು, ಮೆಲ್ಲಗೆ ಬಿಡುವಂಥದ್ದು ಅದಲ್ಲ. ಮಜ್ಜಿಗೆಗೆ ಹುರಿದ ಜೀರಿಗೆ ಪುಡಿ, ಕೊತ್ತಂಬರಿ, ಒಂದು ಚೂರು ಹಸಿಶುಂಠಿ ಜಜ್ಜಿ ಹಾಕಲಿ, ಉಪ್ಪಿನ ನೆನಪೇ ಆಗುವುದಿಲ್ಲ. ಉಳ್ಳಾಗಡ್ಡಿ, ಸವತಿಕಾಯಿಗೆ ನಿಂಬೆಹಣ್ಣು ಹಿಂಡಿಕೊ. ಹಪ್ಪಳದ ಮಾತು ಬೇರೆ. ಅದರಲ್ಲಿ ಉಪ್ಪಷ್ಟೇ ಅಲ್ಲ, ಹಪ್ಪಳಖಾರ ಎಂಬ ಕ್ಷಾರವೂ ಬಿದ್ದಿರುತ್ತದೆ. ಅದೂ ಸೋಡಾ ಜಾತಿಯದೇ, ಅದರಲ್ಲೂ ಸೋಡಿಯಂ ಇದೆ. ಸುಟ್ಟರೂ ಕರಿದರೂ ಅದು ಕಡಿಮೆ ಆಗುವುದಿಲ್ಲ. ಹಬ್ಬಕ್ಕೆ ತಿನ್ನು, ದಿನಾ ಬೇಡ. ಉಪ್ಪಿನಕಾಯಿಯೂ ಹಾಗೆಯೇ.

ಇನ್ನು ಖಾರದ ಮಾತು. ಇದು ಹೊರಗಿನ ಡಾಕ್ಟರರಿಗೆ ತಿಳಿಯುವುದಿಲ್ಲ, ನಮ್ಮ ಕಡೆಯ ಹೆಂಗಸರಿಗಷ್ಟೇ ತಿಳಿಯುವಂಥದ್ದು. ನಮ್ಮದು ಕೊಲ್ಲಾಪುರದ ನೆರಳಿನ ಅಡಿಗೆ. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಮಸಾಲಿ ಖಾರ ಕುಟ್ಟಿಸಿ ಬರಣಿ ತುಂಬುತ್ತೇವೆ. ಬ್ಯಾಡಗಿ, ಗುಂಟೂರು ಮೆಣಸಿನಕಾಯಿ, ಹುರಿದ ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣಕೊಬ್ಬರಿ, ಎಳ್ಳು, ಕೊತ್ತಂಬರಿಕಾಳು, ಲವಂಗ, ದಾಲ್ಚಿನ್ನಿ. ಇದೆಲ್ಲದರ ಜೊತೆ ಕೆಡದಿರಲೆಂದು ಕೈ ತುಂಬ ಉಪ್ಪು. ಖಾರ ಕುಟ್ಟುವ ಡಂಕಿನ ಮುಂದೆ ಪಾಳಿ ಹಚ್ಚಿ ಕೂತಾಗ ಯಾರ ಬುಟ್ಟಿಯಲ್ಲಿ ಎಷ್ಟು ಉಪ್ಪು ಬಿತ್ತೆಂದು ಯಾರೂ ಎಣಿಸುವುದಿಲ್ಲ. ಆಮೇಲೆ ವರ್ಷವಿಡೀ ಆ ಖಾರವನ್ನು ಪಲ್ಯಕ್ಕೆ ಎರಡು ಚಮಚ ಹಾಕುತ್ತೇವೆ, ಅದರ ಮೇಲೆ ರೂಢಿಯಂತೆ ಬೇರೆ ಉಪ್ಪೂ ಹಾಕುತ್ತೇವೆ. ಒಂದೇ ಪಲ್ಯಕ್ಕೆ ಎರಡು ಸಲ ಉಪ್ಪು ಬೀಳುತ್ತದೆ, ಹಾಕುವ ಕೈಗೆ ಮಾತ್ರ ಒಂದೇ ಸಲ ಹಾಕಿದ ನೆನಪು.

ಈ ವರ್ಷ ಖಾರ ಉಪ್ಪಿಲ್ಲದೆ ಕುಟ್ಟಿಸಿರಿ. ಕೆಡುತ್ತದೆ ಎಂದು ನಿನ್ನ ಅವ್ವ ವಾದ ಮಾಡಬಹುದು. ಅವಳು ನನ್ನ ವಹಿನಿ, ಅವಳ ಮಾತಿನಲ್ಲಿ ಸತ್ಯ ಇದೆ, ಉಳ್ಳಾಗಡ್ಡಿ ಬಳ್ಳೊಳ್ಳಿಯ ಹಸಿ ಉಳಿದರೆ ಬೂಸಲು ಹಿಡಿಯುತ್ತದೆ. ಅದಕ್ಕೆ ಮೆಣಸಿನಕಾಯಿ ಮತ್ತು ಒಣ ಮಸಾಲಿ ಮಾತ್ರ ವರ್ಷಕ್ಕೆ ಕುಟ್ಟಿಸಿ ಇಡಿರಿ. ಉಳ್ಳಾಗಡ್ಡಿ ಬಳ್ಳೊಳ್ಳಿ ಕೂಡಿಸುವುದನ್ನು ತಿಂಗಳಿಗಾಗುವಷ್ಟು ಮನೆಯ ಮಿಕ್ಸರಿನಲ್ಲೇ ಮಾಡಿ ಫ್ರಿಜ್ಜಿನಲ್ಲಿ ಇಡಿರಿ. ರುಚಿಗೆ ಏನೂ ಕೊರತೆ ಆಗುವುದಿಲ್ಲ, ಹೊಸದಾಗಿ ಕೂಡಿಸಿದ್ದಕ್ಕೆ ವಾಸನೆ ಇನ್ನೂ ಚೆಂದ. ಪಲ್ಯದ ಉಪ್ಪನ್ನು ಒಲೆ ಆರಿಸಿದ ಮೇಲೆ ಹಾಕುವುದನ್ನು ರೂಢಿ ಮಾಡಿಕೊಳ್ಳಿರಿ. ಮೊದಲೇ ಹಾಕಿ ಕುದಿಸಿದರೆ ಕಾಳಿನೊಳಗೆ ಹೊಕ್ಕು ಅಡಗುತ್ತದೆ, ಕೊನೆಗೆ ಹಾಕಿದ್ದು ಮೇಲೆಯೇ ಇದ್ದು ನಾಲಿಗೆಗೆ ಬೇಗ ತಾಗುತ್ತದೆ, ಕಡಿಮೆಯಲ್ಲೇ ಸಾಕಾಗುತ್ತದೆ. ಹುಣಸೆ, ಟೊಮೇಟೊ, ಆಮಸೂಲ, ಪುಂಡಿಯಂಥ ಹುಳಿ ಇದ್ದಲ್ಲಿ ಉಪ್ಪು ಇನ್ನೂ ಇಳಿಸಬಹುದು.

ಎಷ್ಟು ಇಳಿಸಬೇಕು ಎಂದು ಕೇಳುತ್ತೀಯ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ. ಒಂದು ಚಹಾದ ಚಮಚದಷ್ಟು ಎಂದು ತಿಳಿ, ಎಲ್ಲ ಊಟ, ಎಲ್ಲ ತಿಂಡಿ ಸೇರಿ. ದಿನಾ ತೂಗಿ ನೋಡಲು ಆಗುವುದಿಲ್ಲ, ಅದಕ್ಕೆ ನಾನು ಒಂದು ಲೆಕ್ಕ ಕೊಡುತ್ತೇನೆ. ನಿಮ್ಮ ಮನೆಯಲ್ಲಿ ನೀನು, ನಿನ್ನ ಹೆಂಡತಿ, ಅವ್ವ, ಎರಡು ಮಕ್ಕಳು, ಐದು ಮಂದಿ. ಐದು ಗ್ರಾಮಿನಂತೆ ದಿನಕ್ಕೆ 25 ಗ್ರಾಂ, ತಿಂಗಳಿಗೆ 750 ಗ್ರಾಂ. ಮಕ್ಕಳಿಗೆ ಅದಕ್ಕಿಂತ ಕಡಿಮೆಯೇ ಸಾಕು. ಒಂದು ಕಿಲೋದ ಉಪ್ಪಿನ ಪಾಕೀಟು ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆದಿಡಿರಿ. ನಲವತ್ತು ದಿನ ಬಂದರೆ ಮನೆ ಹದದಲ್ಲಿದೆ. ಹದಿನೈದು ದಿನಕ್ಕೆ ತೀರಿದರೆ ಒಬ್ಬೊಬ್ಬರ ಪಾಲಿಗೆ 13 ಗ್ರಾಂ ಹೋಗುತ್ತಿದೆ ಎಂದು ಅರ್ಥ, ಹೊರಗೆ ತಿಂದದ್ದು ಬೇರೆ. ಉಪ್ಪಿನಕಾಯಿ, ಹಪ್ಪಳಕ್ಕೆ ಬೇರೆ ಪಾಕೀಟು ತಂದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಡಿಗೆಯ ಉಪ್ಪನ್ನು ಒಮ್ಮೆಲೇ ಇಳಿಸಬೇಡಿರಿ, ಪಾಕೀಟಿಗೆ ನಾಲ್ಕೈದು ದಿನ ಹೆಚ್ಚು ಬರುವಂತೆ ಮಾಡುತ್ತ ಹೋಗಿರಿ. ನಾಲಿಗೆ ಒಂದೆರಡು ತಿಂಗಳಲ್ಲಿ ಒಗ್ಗಿಕೊಳ್ಳುತ್ತದೆ, ಆಮೇಲೆ ಮೊದಲಿನ ಅಡಿಗೆ ಉಂಡರೆ ನಿನಗೇ ಕರಕರ ಉಪ್ಪು ಎನಿಸುತ್ತದೆ.

ಇನ್ನೊಂದು ಮಾತನ್ನು ನಿನಗಿಂತ ಹೆಚ್ಚಾಗಿ ವಹಿನಿಗೆ ಹೇಳುತ್ತೇನೆ. ಅವನೊಬ್ಬನಿಗೆ ಬೇರೆ ಬಟ್ಟಲಿನಲ್ಲಿ ಸಪ್ಪೆ ಪಲ್ಯ ತೆಗೆದಿಟ್ಟು ಉಳಿದವರು ಮೊದಲಿನ ಹಾಗೆ ಉಣ್ಣುವ ಪದ್ಧತಿ ಬೇಡ. ಅದು ಬೇನೆಯವನನ್ನು ಪಂಕ್ತಿಯಿಂದ ಎಬ್ಬಿಸಿದ ಹಾಗೆ. ನಾಲ್ಕು ದಿನ ಸಹಿಸುತ್ತಾನೆ, ಐದನೇ ದಿನ ನಿಪ್ಪಾಣಿಯಲ್ಲಿ ಮಿಸಳ ತಿಂದು ಬರುತ್ತಾನೆ. ಮನೆಗೆಲ್ಲ ಒಂದೇ ಅಡಿಗೆ, ಒಂದೇ ಉಪ್ಪು ಇರಲಿ. ಮಕ್ಕಳ ನಾಲಿಗೆ ಈಗ ಹೇಗೆ ಬೆಳೆಯುತ್ತದೆಯೋ ಹಾಗೆಯೇ ನಿಲ್ಲುತ್ತದೆ, ಅಪ್ಪನ ಬೇನೆ ಅವರಿಗೂ ಬರುವ ಸಂಭವ ಹೆಚ್ಚು. ವಹಿನಿಯೂ ಒಮ್ಮೆ ಬಿ.ಪಿ. ನೋಡಿಸಿಕೊಳ್ಳಲಿ.

ಉಪ್ಪು ಬಿಡುವುದು ನಮ್ಮೂರಿಗೆ ಹೊಸ ಮಾತಲ್ಲ, ತಮ್ಮಾ. ನೀನು ಹುಟ್ಟಿದ ಭೋಜ ನಮ್ಮ ಜೈನ ಮುನಿ ಆಚಾರ್ಯ ಶಾಂತಿಸಾಗರ ಮಹಾರಾಜರ ಊರು. 1872ರಲ್ಲಿ ಯಳಗೂಡದಲ್ಲಿ ಹುಟ್ಟಿ, ಭೋಜದ ಪಾಟೀಲರ ಮನೆಯಲ್ಲಿ ಸಾತಗೌಡನಾಗಿ ಬೆಳೆದು, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಕೈಗೊಂಡ ಆ ಪುಣ್ಯಾತ್ಮರ ಕಥೆಯನ್ನು ನಿನಗೆ ನಿನ್ನ ಆಯಿ ಹೇಳಿಯೇ ಇದ್ದಾಳೆ. ಕೋಥಳಿ ದೇಶಭೂಷಣ ಮಹಾರಾಜರ ಊರು, ಶೇಡಬಾಳ ವಿದ್ಯಾನಂದರ ಊರು, ಸದಲಗಾ ವಿದ್ಯಾಸಾಗರರ ಊರು. ನಮ್ಮ ಈ ನಾಲ್ಕು ಊರು ಇಂಥ ನಾಲ್ವರು ಮುನಿಗಳನ್ನು ಕೊಟ್ಟಿವೆ. ವಿದ್ಯಾಸಾಗರರು ಉಪ್ಪು, ಸಕ್ಕರೆ ಎರಡನ್ನೂ ಬಿಟ್ಟು, ದಿನಕ್ಕೊಂದೇ ಸಲ ಕೈಯಲ್ಲೇ ಆಹಾರ ತೆಗೆದುಕೊಂಡು ದೇಶವೆಲ್ಲ ನಡೆದವರು. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು, ಈ ಆರರಲ್ಲಿ ಒಂದನ್ನೋ ಎಲ್ಲವನ್ನೋ ಬಿಡುವುದು ರಸಪರಿತ್ಯಾಗ, ಆರು ಬಾಹ್ಯ ತಪಗಳಲ್ಲಿ ಒಂದು. ಗೃಹಸ್ಥರೂ ವಾರಕ್ಕೊಂದು ದಿನ ಒಂದೊಂದು ರಸ ಬಿಡುತ್ತಾರೆ. ರವಿವಾರ ಉಪ್ಪು ಬಿಡುವ ನೇಮ ಎಷ್ಟೋ ಮನೆಗಳಲ್ಲಿ ಇದೆ, ನಿನ್ನ ಆಯಿ ಅದನ್ನು ಕೊನೆತನಕ ನಡೆಸಿದಳು.

ನೇಮದ ಮಾತು ಎತ್ತಿದ್ದು ನಿನ್ನನ್ನು ಸನ್ಯಾಸಿ ಮಾಡಲಿಕ್ಕಲ್ಲ. ರವಿವಾರ ಒಂದು ದಿನ ಉಪ್ಪು ಬಿಟ್ಟು ಉಳಿದ ಆರು ದಿನ ಮೊದಲಿನಂತೆ ಉಂಡರೆ ಬಿ.ಪಿ. ಇಳಿಯುವುದಿಲ್ಲ, ಅದು ನನಗೂ ಗೊತ್ತು. ಮೈಗೆ ಬೇಕಾದದ್ದು ದಿನದಿನದ ಹದ. ಆದರೆ ನೇಮ ಹಿಡಿದ ಮನುಷ್ಯನಿಗೆ ಎರಡು ಸಂಗತಿ ಗೊತ್ತಾಗುತ್ತವೆ. ಉಪ್ಪಿಲ್ಲದೆಯೂ ಒಂದು ದಿನ ಹಾಯಬಹುದು ಎಂಬುದು ಒಂದು. ಉಪ್ಪಿಲ್ಲದ ದಿನ ಹಾಲಿನ ಸಿಹಿ, ಜೋಳದ ರುಚಿ, ಮೆಂತೆಯ ಕಹಿ ತಾವಾಗಿಯೇ ನಾಲಿಗೆಗೆ ಬರುತ್ತವೆ ಎಂಬುದು ಇನ್ನೊಂದು. ಡಾಕ್ಟರು ಹೇಳಿದರೆ ಶಿಕ್ಷೆ ಎನಿಸುವುದು ನೇಮವಾಗಿ ಹಿಡಿದರೆ ನಡೆದುಹೋಗುತ್ತದೆ. ನೀನು ರವಿವಾರದ ನೇಮ ಹಿಡಿ, ಉಳಿದ ದಿನ ಅಂಚಿನ ಉಪ್ಪು, ಹಪ್ಪಳ, ಉಪ್ಪಿನಕಾಯಿ ಬಿಡುವ ನೇಮ ಹಿಡಿ. ಆದರೆ ರವಿವಾರ ಸೈಂಧವ ಉಪ್ಪು ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡ. ಸೈಂಧವವಾಗಲಿ, ಗುಲಾಬಿ ಬಣ್ಣದ್ದಾಗಲಿ, ಕರಿ ಉಪ್ಪಾಗಲಿ, ಅದರೊಳಗಿನದು ಬಹುಪಾಲು ಅದೇ ಸೋಡಿಯಂ ಕ್ಲೋರೈಡು. ಬೆಲೆ ಮಾತ್ರ ಹೆಚ್ಚು, ಅಯೋಡಿನ್ನೂ ಬಹಳ ಸಲ ಇರುವುದಿಲ್ಲ.

ಬಿಡುವುದನ್ನೇ ಹೇಳುತ್ತ ಕೂತರೆ ಊಟ ಸಪ್ಪೆಯಾಗುತ್ತದೆ. ಕೂಡಿಸುವುದೂ ಅಷ್ಟೇ ಇದೆ, ಅದು ಸಂತೆಯಲ್ಲಿ ಸಸ್ತಾ ಸಿಗುತ್ತದೆ. ಸೊಪ್ಪು, ಕಾಳು, ಹಣ್ಣಿನಲ್ಲಿರುವ ಪೊಟ್ಯಾಶಿಯಂ ಎಂಬ ಲವಣ ಕಿಡ್ನಿಗೆ ಸೋಡಿಯಂ ಹೊರಗೆ ಹಾಕಲು ನೆರವಾಗುತ್ತದೆ, ನಾಳಗಳನ್ನು ಸಡಿಲಗೊಳಿಸುತ್ತದೆ. 1997ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಪರೀಕ್ಷೆ ಆಯಿತು. ಉಪ್ಪನ್ನು ಮೊದಲಿನಷ್ಟೇ ಇಟ್ಟು, ಹಣ್ಣು, ಕಾಯಿಪಲ್ಯ, ಕೆನೆ ತೆಗೆದ ಹಾಲು-ಮೊಸರು, ಕಾಳು ಹೆಚ್ಚಿಸಿ, ಜಿಡ್ಡು-ಸಿಹಿ ಇಳಿಸಿ ಎಂಟು ವಾರ ಉಣ್ಣಿಸಿದರು. ಬಿ.ಪಿ. ಇದ್ದವರ ಮೇಲಿನ ಅಂಕಿ ಸರಾಸರಿ 11ರಷ್ಟು ಇಳಿಯಿತು. ಆಮೇಲೆ 2001ರಲ್ಲಿ ಅದೇ ಊಟಕ್ಕೆ ಉಪ್ಪನ್ನೂ ಇಳಿಸಿ ನೋಡಿದರು, ಇನ್ನೂ ಇಳಿಯಿತು. ಅವರ ಪಟ್ಟಿಯಲ್ಲಿ ಬ್ರೊಕೋಲಿ ಇದ್ದರೆ ಇರಲಿ, ನಮಗೆ ಅದು ಬೇಕಿಲ್ಲ. ಮೆಂತೆ, ರಾಜಗೀರಿ, ಪಾಲಕ, ಪುಂಡಿ, ಹಕ್ಕರಕಿ ನಮ್ಮ ಹೊಲದ ಬದುವಿನಲ್ಲೇ ಇವೆ. ಮಧ್ಯಾಹ್ನ ಒಂದು, ಸಂಜೆ ಒಂದು ಸೊಪ್ಪಿನ ಪಲ್ಯ ಇರಲಿ. ಮೊಳಕೆ ಬಂದ ಮಡಕಿ, ಹೆಸರು, ಕಡಲಿ ಇರಲಿ. ದಿನಕ್ಕೊಂದು ಬಾಳೆಹಣ್ಣು, ಇಲ್ಲವೇ ಪೇರಲ. ಮೊಸರು ಇರಲಿ, ಕೆನೆ ತೆಗೆದ ಹಾಲಿನದು.

ಅಗಸಿ ಹಿಂಡಿಯನ್ನು ಮಾತ್ರ ಬಿಡಬೇಡ. 2013ರಲ್ಲಿ ಕೆನಡಾದ ವೈದ್ಯರು ಕಾಲಿನ ನಾಳ ಕಿರಿದಾದ ರೋಗಿಗಳಿಗೆ ದಿನಕ್ಕೆ 30 ಗ್ರಾಂ ಪುಡಿ ಮಾಡಿದ ಅಗಸಿ ಆರು ತಿಂಗಳು ತಿನ್ನಿಸಿ ನೋಡಿದಾಗ ಅಗಸಿ ತಿಂದವರ ಮೇಲಿನ ಅಂಕಿ ತಿನ್ನದವರಿಗಿಂತ ಸುಮಾರು 10 ಕಡಿಮೆ ಇತ್ತು. ಒಂದು ಸಣ್ಣ ಪರೀಕ್ಷೆಯಿಂದ ಅಗಸಿಯೇ ಔಷಧ ಎಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಅಜ್ಜಿ ಮುತ್ತಜ್ಜಿಯರ ಕಾಲದಿಂದ ರೊಟ್ಟಿಯ ಜೊತೆ ಬಂದ ಪದಾರ್ಥ ಅದು, ಉಪ್ಪು ಕಡಿಮೆ ಹಾಕಿ ಕುಟ್ಟಿದರೆ ಲಾಭವೇ ಹೊರತು ನಷ್ಟ ಇಲ್ಲ. ಗುರೆಳ್ಳು, ಶೇಂಗಾ ಹಿಂಡಿಗೂ ಅದೇ ಮಾತು. ಬಳ್ಳೊಳ್ಳಿ, ಜೀರಿಗೆ, ಒಂದು ಚೂರು ಹುಣಸೆ ಹೆಚ್ಚಿಸಿ, ಉಪ್ಪನ್ನು ಮೂರರಲ್ಲಿ ಒಂದು ಪಾಲಿಗೆ ತನ್ನಿರಿ.

ಈಗ ನಿನ್ನ ಡ್ಯೂಟಿ. ಕಬ್ಬಿನ ಕಾರ್ಖಾನೆಯ ಹಂಗಾಮು ಶುರುವಾದರೆ ರಾತ್ರಿಪಾಳಿ ತಪ್ಪುವುದಿಲ್ಲ. ಹೊತ್ತು ಮುಳುಗುವ ಮೊದಲು ಉಣ್ಣುವ ಮನೆಯ ಮಗ ನೀನು ರಾತ್ರಿ ಎರಡು ಗಂಟೆಗೆ ವಡಾಪಾವ್ ತಿನ್ನುತ್ತೀಯ ಎಂದು ಗೊತ್ತಾದಾಗ ನನಗೆ ಕೆಡುಕೆನಿಸಿತು, ನೇಮ ಮುರಿದೆಯೆಂದಲ್ಲ, ಮೈ ಏನು ತಡೆದೀತು ಎಂದು. ಪಾವಿನಲ್ಲಿ ಉಪ್ಪು, ವಡೆಯಲ್ಲಿ ಉಪ್ಪು, ಒಣ ಚಟ್ನಿಯಲ್ಲಿ ಉಪ್ಪು, ಕರಿದ ಮೆಣಸಿನಕಾಯಿಗೆ ಮೇಲೆ ಉದುರಿಸಿದ ಉಪ್ಪು. ಟೇಬಲ್ಲಿನ ಖಾನೆಯಲ್ಲಿ ಭಡಂಗದ ಪುಡಿಕೆ, ಫರಸಾಣ. ಚಹಾದ ಜೊತೆ ಖಾರಿ. ಪಾಕೀಟಿನ ಹಿಂದೆ 100 ಗ್ರಾಮಿಗೆ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಬರುತ್ತದೆ, ದಿನಕ್ಕೆ ನಿನಗಿರುವುದು 2,000 ಮಿಲಿಗ್ರಾಂ ಸೋಡಿಯಂ. ಒಮ್ಮೆ ಓದಿ ನೋಡು, ಕೈ ತಾನಾಗಿ ಹಿಂದೆ ಬರುತ್ತದೆ. ಪಾಳಿಗೆ ಹೋಗುವಾಗ ಡಬ್ಬಿಯಲ್ಲಿ ಎರಡು ರೊಟ್ಟಿ, ಜುಣಕದ ವಡಿ, ಒಂದು ಬಾಳೆಹಣ್ಣು, ಉಪ್ಪು ಹಚ್ಚದೆ ಹುರಿದ ಶೇಂಗಾ ಒಂದು ಮುಷ್ಟಿ ಕಟ್ಟಿಕೊಂಡು ಹೋಗು. ತೂಕವೂ ಇಳಿಯಲಿ. ಒಂದು ಕಿಲೋ ತೂಕ ಇಳಿದರೆ ಮೇಲಿನ ಅಂಕಿ ಹೆಚ್ಚುಕಡಿಮೆ ಒಂದು ಇಳಿಯುತ್ತದೆ ಎಂದು ಲೆಕ್ಕ. ಮದುವೆಯ ಅಂಗಿ ಈಗ ನಿನಗೆ ಹತ್ತುವುದಿಲ್ಲ ಎಂದು ನಿನ್ನ ಹೆಂಡತಿ ಹೇಳಿದಳು.

"ಹೊಲದಾಗ ದುಡಿಯೋರು ಉಪ್ಪು ತಿನ್ನಲಿಲ್ಲ ಅಂದ್ರ ಕೈಕಾಲು ಹಿಡೀತಾವು" ಎಂದು ಊರಲ್ಲಿ ಹೇಳುತ್ತಾರೆ. ಕಬ್ಬು ಕಡಿಯುವವರು ಬಿಸಿಲಿನಲ್ಲಿ ಕೊಡಗಟ್ಟಲೆ ಬೆವರು ಹರಿಸುತ್ತಾರೆ, ಅವರ ಮಾತು ಬೇರೆ. ನೀನು ಕುರ್ಚಿಯ ಮೇಲೆ ಕೂತು ಚೀಟಿ ಬರೆಯುವವ, ಅವರ ಉಪ್ಪು ನಿನಗೆ ಯಾಕೆ?

ತಂಬಾಕಿನ ಮಾತು ಹೇಳದಿದ್ದರೆ ಈ ಕಾಗದ ಅರ್ಧ. ನಮ್ಮ ನಿಪ್ಪಾಣಿ ಸೀಮೆಗೆ ಅನ್ನ ಕೊಟ್ಟದ್ದೇ ಆ ಎಲೆ. 1981ರಲ್ಲಿ ಅದರ ಬೆಲೆಗಾಗಿ ರೈತ ಮುಖಂಡ ಶರದ್ ಜೋಶಿಯವರ ಹಿಂದೆ ನಮ್ಮ ರೈತರು ಹೆದ್ದಾರಿಯ ಮೇಲೆ ಕೂತು ಗುಂಡು ತಿಂದದ್ದು ಊರೂರಿಗೂ ನೆನಪಿದೆ. ಬೆಳೆಯನ್ನು ನಾನು ಬೈಯುವುದಿಲ್ಲ. ಆದರೆ ಸುಣ್ಣ ತಿಕ್ಕಿ ದವಡೆಗಿಟ್ಟ ತಂಬಾಕು, ಹೆಂಗಸರು ಹಲ್ಲಿಗೆ ತಿಕ್ಕುವ ಮಶೇರಿ, ಎರಡೂ ಒಳಗಿಳಿದ ಹೊತ್ತಿಗೆ ಎದೆಬಡಿತ ಏರಿಸುತ್ತವೆ, ಒತ್ತಡ ಏರಿಸುತ್ತವೆ. ಊಟ ಎಷ್ಟು ಹದ ಮಾಡಿದರೂ ತಂಬಾಕು ಬಾಯಲ್ಲಿದ್ದರೆ ನಾಳಗಳಿಗೆ ಆರಾಮ ಇಲ್ಲ. ನಿನ್ನ ಜೇಬಿನ ಚಂಚಿ ನನಗೆ ಕಂಡಿದೆ.

ಪೇಟೆಯಲ್ಲಿ ಈಗ ಸೋಡಿಯಂ ಕಡಿಮೆ ಇರುವ ಉಪ್ಪು ಬಂದಿದೆ, ಒಂದು ಪಾಲು ಪೊಟ್ಯಾಶಿಯಂ ಕೂಡಿಸಿದ್ದು. ಅದು ಬರೀ ಜಾಹೀರಾತಿನ ಮಾತಲ್ಲ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಮಂದಿಯ ಮೇಲೆ ಐದು ವರ್ಷ ನೋಡಿ 2021ರಲ್ಲಿ ಬರೆದರು, ಅಂಥ ಉಪ್ಪು ಬಳಸಿದವರಲ್ಲಿ ಲಕ್ವಾ ನೂರಕ್ಕೆ 14ರಷ್ಟು ಕಡಿಮೆಯಾಗಿತ್ತು. ಆದರೂ ನೀನು ಕೇಳದೆ ತರಬೇಡ. ಕಿಡ್ನಿ ದುರ್ಬಲ ಇದ್ದವರಿಗೆ, ಕೆಲವು ಜಾತಿಯ ಬಿ.ಪಿ. ಗುಳಿಗೆ ನುಂಗುವವರಿಗೆ ಪೊಟ್ಯಾಶಿಯಂ ಹೆಚ್ಚಾದರೆ ಹೃದಯಕ್ಕೇ ಅಪಾಯ. ವಹಿನಿಗೆ ಸಕ್ಕರೆ ಬೇನೆ ಇದೆ, ಅವಳ ಕಿಡ್ನಿ ಹೇಗಿದೆಯೋ ನೋಡಿಸಿಲ್ಲ. ಮೊದಲು ರಕ್ತ ಪರೀಕ್ಷೆ, ಆಮೇಲೆ ಆ ಉಪ್ಪು.

ಯಾರೋ ನಿನಗೆ ಮುಂಜಾನೆ ಬರಿ ಹೊಟ್ಟೆಗೆ ಕುಂಬಳಕಾಯಿ-ಸೋರೆಕಾಯಿ ರಸ ಕುಡಿ, ಗುಳಿಗೆ ಬೇಕಾಗುವುದಿಲ್ಲ ಎಂದಿದ್ದಾರಂತೆ. ಸೋರೆಕಾಯಿ ಪಲ್ಯ ಬೇಕಾದಷ್ಟು ತಿನ್ನು. ರಸ ಮಾತ್ರ ಕಹಿ ಇದ್ದರೆ ಒಂದು ಗುಟುಕನ್ನೂ ಕುಡಿಯಬೇಡ, ಕಹಿ ಸೋರೆಯಲ್ಲಿ ವಿಷ ಇರುತ್ತದೆ, ಜೀವ ಹೋದ ಉದಾಹರಣೆಗಳಿವೆ. ಇನ್ನು ಸೊಂಟನೋವಿಗೆ ಅಂಗಡಿಯಿಂದ ತಂದು ನುಂಗುತ್ತೀಯಲ್ಲ, ಆ ನೋವಿನ ಗುಳಿಗೆಗಳೂ ಬಿ.ಪಿ. ಏರಿಸುತ್ತವೆ, ಕಿಡ್ನಿಗೂ ಕೆಟ್ಟದ್ದು. ಅವನ್ನು ಡಾಕ್ಟರಿಗೆ ತೋರಿಸದೆ ನುಂಗಬೇಡ.

ಬಿ.ಪಿ. ನೋಡಿಸಲು ಹೋದಾಗ ಗಾಡಿಯಿಂದ ಇಳಿದವನೇ ಕೈ ಚಾಚಬೇಡ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂಡು, ಕಾಲು ನೆಲಕ್ಕಿರಲಿ, ಕೈ ಎದೆಯ ಮಟ್ಟಕ್ಕೆ ಇರಲಿ, ಅರ್ಧ ತಾಸು ಮುಂಚೆ ಚಹಾ, ತಂಬಾಕು ಬೇಡ. ಬಂದ ಅಂಕಿಯನ್ನು ತಾರೀಖಿನೊಂದಿಗೆ ಬರೆದಿಡು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅದನ್ನು ತೋರಿಸು, ಸರಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಪುಕ್ಕಟೆ ಸಿಗುತ್ತದೆ, ಅದಕ್ಕೆ ನಾಚಬೇಡ. ಅಂಕಿ ಇಳಿಯಿತೆಂದು ನೀನಾಗಿ ಗುಳಿಗೆ ಬಿಡುವಂತಿಲ್ಲ. ಇಳಿದದ್ದು ಗುಳಿಗೆ ಮತ್ತು ಊಟ ಎರಡೂ ಕೂಡಿ. ಕಡಿಮೆ ಮಾಡುವುದಿದ್ದರೆ ಡಾಕ್ಟರೇ ಮಾಡಲಿ.

ಕೊನೆಗೊಂದು ಅವಸರದ ಮಾತು. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬರುತ್ತದೆ. ಹತ್ತು ದಿನ ಒಂದೇ ಹೊತ್ತಿನ ಊಟದ ಏಕಾಸನ ಮಾಡುವೆ, ಚತುರ್ದಶಿಗೆ ಉಪವಾಸ ಇರುವೆ ಎಂದು ನೀನು ಪ್ರತಿ ವರ್ಷದ ಹಾಗೆ ಮನಸ್ಸು ಮಾಡಿರುತ್ತೀಯ. ಮಾಡು, ನಾನು ತಡೆಯುವುದಿಲ್ಲ. ಆದರೆ ಉಪವಾಸದ ದಿನ ಗುಳಿಗೆ ನುಂಗಬಾರದು ಎಂದು ಬಿಟ್ಟು, ಮರುದಿನ ಪಾರಣೆಯಲ್ಲಿ ಹೊಟ್ಟೆ ತುಂಬ ಉಂಡು, ಒತ್ತಡ ಒಮ್ಮೆಲೇ ಏರಿ ದವಾಖಾನೆ ಸೇರಿದವರನ್ನು ಕಂಡಿದ್ದೇನೆ. ನೀರು ಬಿಟ್ಟ ದಿನ ನೀರಿಳಿಸುವ ಗುಳಿಗೆ ನುಂಗಿ ತಲೆ ತಿರುಗಿ ಬಿದ್ದವರನ್ನೂ ಕಂಡಿದ್ದೇನೆ. ನಿನಗೆ ಬರೆದುಕೊಟ್ಟದ್ದು ಯಾವ ಜಾತಿಯ ಗುಳಿಗೆ, ಏಕಾಸನದ ದಿನ ಅದನ್ನು ಊಟದ ಹೊತ್ತಿಗೆ ಸರಿಸಬಹುದೇ, ಉಪವಾಸದ ದಿನ ಏನು ಮಾಡಬೇಕು ಎಂದು ಶ್ರಾವಣ ಮುಗಿಯುವುದರೊಳಗೆ ಹೋಗಿ ಕೇಳಿಕೊಂಡು ಬಾ. ಆ ಚೀಟಿಯ ಫೋಟೋ ತೆಗೆದು ನಿನ್ನ ಹೆಂಡತಿಯ ಫೋನಿನಿಂದ ನನಗೆ ಕಳಿಸು. ನೀನು ಕಳಿಸುತ್ತೇನೆಂದು ಹೇಳಿ ಮರೆಯುತ್ತೀಯ.

ನಿನ್ನ ಅತ್ತಿ